ಬಾಗಿದ ಚಾವಣಿಗೆ ಪ್ಲೈವುಡ್: ಒಂದು ಸಾಲಿನಲ್ಲಿ ಮುಗಿಯುವ ಕೆಲಸವಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮಲಗುವ ಗಾಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗ್ಗೆ ಬರಹ ಬಂದಿತ್ತು. ಚೆನ್ನಾಗಿತ್ತು. ಹಾಸಿಗೆ, ಪರದೆ, ದೀಪ, ಹಿಂಬದಿಯ ಪುಟ್ಟ ಅಡುಗೆಕಟ್ಟೆ, ಎಲ್ಲದಕ್ಕೂ ಫೋಟೊ. ಚಾವಣಿಗೆ ಮಾತ್ರ ಒಂದೇ ಸಾಲು: ಮೇಲೆ ಪ್ಲೈವುಡ್ ಬಾಗಿಸಿ ಸ್ಕ್ರೂ ಹೊಡೆಯಿರಿ ಅಂತ. ಆ ಒಂದು ಸಾಲಿಗೆ ನನ್ನ ಮೂರು ವಾರ ಹೋಯಿತು, ಎರಡು ಹಾಳೆ ಪ್ಲೈ ಹೋಯಿತು, ಮನೆಯವಳ ಮುಂದೆ ಇದ್ದ ಅಲ್ಪಸ್ವಲ್ಪ ಮರ್ಯಾದೆಯೂ ಹೋಯಿತು. ಅದಕ್ಕೇ ಈ ಪತ್ರ.

ನಾನು ಕೊಪ್ಪಳದಲ್ಲಿ ಬಡಿಗತನ ಮಾಡುವವನು. ಬಾಗಿಲು, ಮಂಚ, ಕಪಾಟು ನನ್ನ ಕೆಲಸ. ಹೋದ ವರ್ಷ ಅಕ್ಕನ ಮಗ ಬೆಂಗಳೂರಿನಿಂದ ಒಂದು ಚಿತ್ರ ತಂದ. ನೀರಿನ ಹನಿಯನ್ನು ಅಡ್ಡ ಮಲಗಿಸಿದ ಹಾಗೆ ಗಾಡಿ. ಮುಂದೆ ದುಂಡಗೆ, ಹಿಂದೆ ಇಳಿಜಾರು, ಒಳಗೆ ಇಬ್ಬರು ಮಲಗುವಷ್ಟು ಜಾಗ. ಆನೆಗೊಂದಿ, ಬಾದಾಮಿ ಸುತ್ತಿ ಅದರಲ್ಲೇ ಉಳಿಯಬೇಕು ಅಂತ ಅವನ ಆಸೆ. "ಮಾಮಾ, ಒಂದ್ ವಾರದ ಕೆಲಸ ಐತಿ, ಅಷ್ಟ" ಅಂದ. ಕಬ್ಬಿಣದ ಚೌಕಟ್ಟು, ಚಕ್ರ ವೆಲ್ಡಿಂಗ್‌ನವರು ಮಾಡಿಕೊಟ್ಟರು. ಎರಡು ಪಕ್ಕದ ಗೋಡೆಗಳನ್ನು ನಾನು ಎರಡೇ ದಿನದಲ್ಲಿ ನಿಲ್ಲಿಸಿದೆ. ಅಲ್ಲಿಗೆ ನನಗೂ ಸ್ವಲ್ಪ ಸೊಕ್ಕು ಬಂದಿತ್ತು.

ಗಾಡಿಯ ಅಗಲ ನಾಲ್ಕು ಅಡಿ, ಉದ್ದ ಎಂಟು ಅಡಿ. ಕಮಾನಿನ ಮೇಲೆ ಟೇಪ್ ಹಿಡಿದರೆ ಹನ್ನೊಂದೂವರೆ. ಪ್ಲೈ ಹಾಳೆಯೂ ಎಂಟಕ್ಕೆ ನಾಲ್ಕು. ಅಗಲ ಸರಿಯಾಗಿ ಕೂಡುತ್ತದಲ್ಲ ಅಂತ 6 ಮಿ.ಮೀ. ಹಾಳೆಯನ್ನು ಉದ್ದಕ್ಕೇ ಹಾಕಿ, ಒಂದು ತುದಿಗೆ ಅಳಿಯ, ಇನ್ನೊಂದಕ್ಕೆ ನಾನು ಜೋತುಬಿದ್ದೆವು. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಟಪ್ ಅಂತು. ನಾಲ್ಕು ಅಡಿ ಅಗಲಕ್ಕೂ ಸೀಳು.

ತಪ್ಪು ನನ್ನದೇ. ಸಾಮಾನ್ಯವಾಗಿ ಸಿಗುವ ಹಾಳೆಯಲ್ಲಿ ಮೇಲ್ಪದರದ ಎಳೆ ಎಂಟು ಅಡಿ ಉದ್ದಕ್ಕೆ ಓಡುತ್ತದೆ. ಅದೇ ದಿಕ್ಕಿಗೆ ಬಗ್ಗಿಸಿದರೆ ಪ್ಲೈ ಜಗಳಕ್ಕೆ ಬರುತ್ತದೆ. ಎಳೆ ಗಾಡಿಯ ಅಡ್ಡಕ್ಕೆ ಇದ್ದರೆ ಚಾಪೆ ಸುತ್ತಿದ ಹಾಗೆ ಸಲೀಸಾಗಿ ಬಾಗುತ್ತದೆ. ಅದಕ್ಕೆ ಹಾಳೆಯನ್ನು ನಡುವೆ ಕೊಯ್ದು ನಾಲ್ಕಕ್ಕೆ ನಾಲ್ಕರ ಎರಡು ತುಂಡು ಮಾಡಿ, ತಿರುಗಿಸಿ ಹಾಕಬೇಕು. ಫ್ಲೆಕ್ಸಿ ಪ್ಲೈ ಅಂತ ಬಗ್ಗುವುದಕ್ಕೇ ಮಾಡಿದ ಹಾಳೆಯೂ ಇದೆ. ನಮ್ಮ ಕಡೆ ಹೇಳಿ ತರಿಸಬೇಕು, ಬೆಲೆಯೂ ಜಾಸ್ತಿ.

ನಾಚಿಕೆ ಯಾಕೆ ಅಂದರೆ, ನಮ್ಮಪ್ಪ ಕೊಲ್ಲಾರಿ ಬಂಡಿಗೆ, ಅಂದರೆ ಮೇಲೆ ಹೊದಿಕೆ ಇರುವ ಎತ್ತಿನ ಗಾಡಿಗೆ, ಕಮಾನು ಕಟ್ಟುತ್ತಿದ್ದ. ಹುಲಿಗಿ ಜಾತ್ರೆಗೆ ಹೋಗುವವರು ತಿಂಗಳು ಮೊದಲೇ ಬಂದು ಹೇಳಿ ಹೋಗುತ್ತಿದ್ದರು. ಸೀಳಿದ ಹಸಿ ಬಿದಿರನ್ನು ಬೆಂಕಿಗೆ ಹಿಡಿದು, ನಿಧಾನಕ್ಕೆ ಬಗ್ಗಿಸಿ, ಎರಡು ತುದಿಗೆ ಹಗ್ಗ ಬಿಗಿದು ಎರಡು ದಿನ ಗೋಡೆಗೆ ಒರಗಿಸಿ ಬಿಡುತ್ತಿದ್ದ. ಹಗ್ಗ ಬಿಚ್ಚಿದರೂ ಬಿದಿರು ಹಾಗೇ ನಿಲ್ಲುತ್ತಿತ್ತು. ಅದನ್ನು ನೋಡುತ್ತಲೇ ಬೆಳೆದವನು ನಾನು. ಪ್ಲೈ ಕೈಗೆ ಬಂದ ಮೇಲೆ ಎಲ್ಲ ಮರೆತಿದ್ದೆ.

ಎರಡನೇ ಹಾಳೆಗೆ 4 ಮಿ.ಮೀ. ತಂದೆ. ಅಂಗಡಿಯವರು ವಾಟರ್‌ಪ್ರೂಫ್ ಅಂತಲೇ ಕೊಟ್ಟರು. ಈ ಸಲ ಅಪ್ಪನ ದಾರಿ ಹಿಡಿದು, ನೆನೆಸಿದ ಗೋಣಿಚೀಲ ಹೊದಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಹಪ್ಪಳದ ಹಾಗೆ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಅದರ ಒಂದು ತುಂಡನ್ನು ಪಾತ್ರೆಯಲ್ಲಿ ಹಾಕಿ ಒಲೆ ಮೇಲೆ ಇಟ್ಟೆ. ಮಧ್ಯಾಹ್ನದೊಳಗೆ ಮೂರು ಪದರ ಮೂರು ಕಡೆ ತೇಲುತ್ತಿದ್ದವು. ಪಾತ್ರೆ ಬೇಳೆ ಬೇಯಿಸುವುದು ಅಂತ ಆಮೇಲೆ ಗೊತ್ತಾಯಿತು.

ಇದನ್ನು ಓದುಗರು ದಯವಿಟ್ಟು ನೆನಪಿಡಿ. ಎಂಆರ್ ಅಂತ ಮುದ್ರೆ ಇದ್ದರೆ ಅದು ಮನೆಯೊಳಗಿನ ತೇವ ತಡೆಯುವ ಪ್ಲೈ ಅಷ್ಟೇ. ಮಳೆಗೆ ನಿಲ್ಲುವುದಲ್ಲ. ಐಎಸ್ 710 ಅಂತ ಮುದ್ರೆ ಇದ್ದರೆ ಅದು ಮರೀನ್ ಪ್ಲೈ, ಅಂದರೆ ನೀರು ತಾಳುವ ಪ್ಲೈ. ಅದರ ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಅಂಗಡಿಯಲ್ಲಿ ಬಾಯಿಮಾತು ಕೇಳಬೇಡಿ, ಮುದ್ರೆ ನೋಡಿ. ಬಿಲ್ಲಿನಲ್ಲೂ ಅದನ್ನೇ ಬರೆಸಿಕೊಳ್ಳಿ. ನಾನು ಬರೆಸಿರಲಿಲ್ಲ, ಹಾಗಾಗಿ ಕೇಳಲು ಹೋದಾಗ ಅವರು ಸುಮ್ನೆ ನಕ್ಕರು.

ಮೂರನೇ ಸಲ ಕೆಲಸ ಕೂತಿತು. ಅಡ್ಡಪಟ್ಟಿಗಳನ್ನು ಮೇಲೆ ಸಪಾಟಾಗಿದ್ದಲ್ಲಿ ಅಡಿಗೊಂದು, ಮುಂದಿನ ತಿರುವಿನಲ್ಲಿ ಆರು ಇಂಚಿಗೊಂದು ಕೂರಿಸಿದೆ. ಪಟ್ಟಿಯ ಮೇಲಂಚಿಗೆ ಕಮಾನಿನ ಓಟಕ್ಕೆ ತಕ್ಕಂತೆ ರಂದ ಹೊಡೆಯಬೇಕು. ಇಲ್ಲದಿದ್ದರೆ ಪ್ಲೈ ಪಟ್ಟಿಯ ಚೂಪಿನ ಮೇಲೆ ಕೂತು, ಹೊರಗಿನಿಂದ ಎಲುಬು ಕಂಡ ಹಾಗೆ ಕಾಣುತ್ತದೆ. 4 ಮಿ.ಮೀ. 710 ಪ್ಲೈಯನ್ನು ಗೋಣಿಚೀಲದಲ್ಲಿ ನೆನೆಸಿ, ಅಂಟು ಹಚ್ಚದೆ ಗಾಡಿಯ ಮೇಲೇ ಹಾಕಿ, ಲಾರಿಯವರು ಸರಕು ಬಿಗಿಯುವ, ಹಲ್ಲುಚಕ್ರ ಇರುವ ಬೆಲ್ಟಿನಿಂದ ಎಳೆದೆ. ಒಮ್ಮೆಲೇ ಅಲ್ಲ. ಎರಡು ಹಲ್ಲು ಬಿಗಿದು ಚಹಾ ಕುಡಿಯುವುದು, ಬಂದು ಮತ್ತೆ ಎರಡು ಹಲ್ಲು. ನೆರಳಲ್ಲಿ ಎರಡು ದಿನ ಹಾಗೇ ಒಣಗಲು ಬಿಟ್ಟೆ. ಬಿಚ್ಚಿದಾಗ ಅಪ್ಪನ ಬಿದಿರಿನ ಹಾಗೆ ಬಾಗಿಕೊಂಡೇ ಇತ್ತು.

ಅಂಟು ಹಚ್ಚುವುದು ಪೂರ್ತಿ ಒಣಗಿದ ಮೇಲೆ. ಅದೂ ಬೆಳಿಗ್ಗೆ ಆರಕ್ಕೆ. ನಮ್ಮ ಬಿಸಿಲಲ್ಲಿ ಹತ್ತು ಗಂಟೆಯ ಮೇಲೆ ಅಂಟು ಹಚ್ಚುತ್ತಿದ್ದಂತೆ ಕೆನೆ ಕಟ್ಟುತ್ತದೆ. ಸ್ಕ್ರೂ ಮುಂದಿನ ಕೆಳತುದಿಯಿಂದ ಶುರು ಮಾಡಿ, ಪ್ರತಿ ಪಟ್ಟಿಯಲ್ಲೂ ನಡುವಿನಿಂದ ಅಂಚಿಗೆ ಹೋಗಬೇಕು. ಎರಡು ಅಂಚು ಮೊದಲು ಬಿಗಿದರೆ ನಡುವೆ ಹೊಟ್ಟೆ ಉಬ್ಬುತ್ತದೆ. ಕೊನೆಯ ಎರಡು ಸುತ್ತು ಕೈಯಿಂದ. ಡ್ರಿಲ್ಲಿನಿಂದ ಪೂರ್ತಿ ಬಿಗಿದರೆ ಸ್ಕ್ರೂವಿನ ತಲೆ ಮೇಲ್ಪದರ ಹರಿದು ಒಳಗೆ ಹೋಗುತ್ತದೆ. ಆಮೇಲೆ ಅದು ಹಿಡಿಯುವುದು ಏನೂ ಇಲ್ಲ.

ಇದರ ಮೇಲೆ ಇನ್ನೊಂದು ಪದರ 4 ಮಿ.ಮೀ. ಕೆಳಗಿನ ಸಂದು ಮತ್ತು ಮೇಲಿನ ಸಂದು ಒಂದೇ ಕಡೆ ಬರದ ಹಾಗೆ, ಮೇಲಿನದನ್ನು ಎರಡು ಅಡಿ ತುಂಡಿನಿಂದ ಶುರು ಮಾಡಿದೆ. ಇಲ್ಲೊಂದು ಲೆಕ್ಕ ಇದೆ. ಕಾಲು ಸುತ್ತು ಬಾಗಿದರೆ ಮೇಲಿನ ಪದರಕ್ಕೆ ಕೆಳಗಿನದಕ್ಕಿಂತ 6 ಮಿ.ಮೀ.ಗೂ ಸ್ವಲ್ಪ ಜಾಸ್ತಿ ಉದ್ದ ಬೇಕು. ಎರಡನ್ನೂ ಒಂದೇ ಅಳತೆಗೆ ಕೊಯ್ದವನು ಕೊನೆಗೆ ಪುಟ್ಟಿ ಮೆತ್ತುತ್ತಾ ಕೂರಬೇಕಾಗುತ್ತದೆ. ಎರಡು ಪದರಕ್ಕೆ ಒಟ್ಟು ಮೂರು ಹಾಳೆ ಹಿಡಿಯಿತು, ಹಾಳಾದ ಎರಡು ಬಿಟ್ಟು.

ಮೇಲೆ ಅಲ್ಯೂಮಿನಿಯಂ ತಗಡು ಹಾಕುವವರಿಗೆ ಒಂದು ಮಾತು. ಎಂಟು ಅಡಿ ತಗಡು 30 ಡಿಗ್ರಿ ಬಿಸಿ ಏರಿದರೆ ಒಂದೂವರೆ ಮಿ.ಮೀ.ಗಿಂತ ಜಾಸ್ತಿ ಹಿಗ್ಗುತ್ತದೆ. ಕೊಪ್ಪಳದ ಏಪ್ರಿಲ್‌ಗೆ 30 ಡಿಗ್ರಿ ಏನು ಮಹಾ? ತಗಡಿನ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ಬಣ್ಣ ಬಿಳಿ ಇರಲಿ. ಹಾಂ, ಟ್ರೈಲರ್‌ಗೂ ನೋಂದಣಿ ಬೇಕು. ಮರ ಕೊಯ್ಯುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ ಬನ್ನಿ. ನಾವು ಚೌಕಟ್ಟು ಮಾಡಿಸಿದ ಮೇಲೆ ಹೋದೆವು, ಅದರ ಕತೆ ಬೇರೆಯೇ ಪತ್ರ ಆಗುತ್ತದೆ.

ಬೇಸಿಗೆ ರಜೆ ಬರುತ್ತಿದೆ. ನಿಮ್ಮ ಪುರವಣಿ ನೋಡಿ ಹುಡುಗರು ಪ್ಲೈ ಅಂಗಡಿಗೆ ಹೋಗುತ್ತಾರೆ. ಅಷ್ಟರೊಳಗೆ ಚಾವಣಿಗೂ ಒಂದು ಫೋಟೊ ಹಾಕಿ ಬರೆಸಿದರೆ ಉಪಕಾರವಾಗುತ್ತದೆ. ಕುದಿಸಿದ ಪ್ಲೈಯ ಮೂರು ಪದರಗಳನ್ನು ನನ್ನ ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ, ಬೇಕಿದ್ದರೆ ಅದರ ಫೋಟೊ ಕೂಡ ತೆಗೆದುಕೊಳ್ಳಬಹುದು.

ಇಂತಿ,
ಒಬ್ಬ ಬಡಿಗ, ಕೊಪ್ಪಳ