ಹಾಳೆಯ ನಡುವಿನ ಗೆರೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿಮ್ಮ ತಂಡ ಹಾಡಲಿರುವ ಮಧ್ಯಯುಗದ ಯೂರೋಪಿನ ಹಾಡುಗಳ ಪಟ್ಟಿ ತಲುಪಿತು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಚರ್ಚಿನದು’, ಬಲಕ್ಕೆ ‘ಲೌಕಿಕ’ ಅಂತ ಬರೆದಿದ್ದೀಯ. ಎಡಗಡೆಯವಕ್ಕೆಲ್ಲ ‘ನಿಧಾನ’, ಬಲಗಡೆಯವಕ್ಕೆಲ್ಲ ‘ಡೋಲು’ ಅಂತ ಟಿಪ್ಪಣಿ ಬೇರೆ. ಮೊದಲು ಆ ಗೆರೆ ಅಳಿಸು. ಆಗಿನ ಯೂರೋಪಿನಲ್ಲಿ ಹಾಡನ್ನು ಸ್ವರಸಹಿತ ಬರೆದಿಡಬಲ್ಲವರು ಬಹುಪಾಲು ಚರ್ಚಿನ ನೆರಳಲ್ಲೇ ಕಲಿತವರು. ಪ್ರಾರ್ಥನೆ ಬರೆದ ಕೈಯೇ ಪ್ರೇಮದ ಹಾಡನ್ನೂ ಬರೆಯುತ್ತಿತ್ತು.

‘ಸುಮೆರ್ ಇಸ್ ಇಕುಮೆನ್ ಇನ್’ ಅನ್ನೇ ತಗೋ. ಕುಕೂ ಹಕ್ಕಿಯ ಹಾಡು ಅಂತ ಬಲಕ್ಕೆ ತಳ್ಳಿದ್ದೀಯ. 13ನೇ ಶತಮಾನದ ಆ ಪುಟ ಇಂಗ್ಲೆಂಡಿನ ರೆಡಿಂಗ್ ಮಠದ ನಂಟಿನದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂಗ್ಲಿಷ್ ಸಾಲಿನ ಕೆಳಗೇ, ಅದೇ ಸ್ವರಗಳಿಗೆ, ಕ್ರಿಸ್ತನ ಬಲಿದಾನದ ಕುರಿತ ಲ್ಯಾಟಿನ್ ಸಾಲು ಕೂರಿಸಿದ್ದಾರೆ. ಈಗ ಹೇಳು, ಗೆರೆಯ ಯಾವ ಕಡೆ ಇಡುತ್ತೀ?

ಹಾಡುವ ಕ್ರಮವನ್ನೂ ಆ ಪುಟವೇ ಹೇಳುತ್ತದೆ. ಕೆಳಗೆ ಇಬ್ಬರು ‘ಪೆಸ್’, ಅಂದರೆ ಪಾದ, ಅಡಿಯಲ್ಲಿ ತಿರುತಿರುಗಿ ಬರುವ ಚಿಕ್ಕ ಮಟ್ಟು, ಹಿಡಿಯಬೇಕು. ಮೇಲೆ ನಾಲ್ವರು, ಕಡೇಪಕ್ಷ ಇಬ್ಬರು. ಪಾದದವರ ಜೊತೆ ಮೇಲಿನವರಲ್ಲಿ ಒಬ್ಬನೇ ಶುರುಮಾಡುತ್ತಾನೆ. ಅವನು ಪುಟದ ಮೇಲಿನ ಶಿಲುಬೆ ಗುರುತು ದಾಟಿ ಮೊದಲ ಸ್ವರ ಮುಟ್ಟುವ ಕ್ಷಣಕ್ಕೆ ಎರಡನೆಯವನು ಮೊದಲಿನಿಂದ ಹೊರಡುತ್ತಾನೆ, ಉಳಿದವರೂ ಹಾಗೇ. ಸಾಮಾನ್ಯವಾಗಿ ಕೆಡುವುದು ಇಲ್ಲೇ: ಎರಡನೆಯವರು ಆ ಸ್ವರ ಕಿವಿಗೆ ಬಿದ್ದ ಮೇಲೆ ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ತಡವಾಗಿರುತ್ತದೆ. ಉಸಿರನ್ನು ಅದಕ್ಕೆ ಮುಂಚೆಯೇ ಎಳೆದುಕೊಂಡಿರಬೇಕು. ಬರೆದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ನಿಲ್ಲಬಾರದು ಅಂತಲೂ ಅಲ್ಲಿದೆ. ನಿಲ್ಲುವುದು ಒಂದು ದೀರ್ಘ ಸ್ವರದಷ್ಟು ಹೊತ್ತು.

ಪಾದದ ಇಬ್ಬರ ಮೇಲೆ ಇನ್ನೂ ಹೆಚ್ಚು ನಿಗಾ ಇರಲಿ. ಒಬ್ಬನಿಗೆ ಕೊನೆಯಲ್ಲಿ ವಿರಾಮ. ಇನ್ನೊಬ್ಬನಿಗೆ ನಡುವೆ ವಿರಾಮ, ಕೊನೆಗೆ ಇಲ್ಲ. ಮುಗಿದ ತಕ್ಷಣ ಮತ್ತೆ ಮೊದಲಿಗೆ ಬರಬೇಕು. ಹಾಗಾಗಿ ನೆಲ ಎಂದೂ ಬರಿದಾಗುವುದಿಲ್ಲ. ಸ್ನೇಹಕ್ಕೆ ಇಬ್ಬರೂ ಒಟ್ಟಿಗೆ ಉಸಿರು ತಗೊಂಡರೋ, ಮೇಲಿನ ನಾಲ್ವರ ಕಾಲಡಿಯ ಹಲಗೆ ಎಳೆದಂತೆ. ಮೊದಲು ಪಾದವನ್ನಷ್ಟೇ ಹತ್ತು ಸುತ್ತು ಹಾಡಿಸಿ, ವೇಗ ಏರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮೇಲಿನವರನ್ನು ಬಿಡು.

ಇನ್ನು ನಾಲ್ಕು ಗೆರೆಗಳ ಮೇಲೆ ಸ್ವರ ಬರೆದ ಗ್ರೆಗೋರಿಯನ್ ಹಾಡುಗಳು, ಅಂದರೆ ಚರ್ಚಿನ ಏಕಧ್ವನಿಯ ಪ್ರಾರ್ಥನೆಗಳು. ನಿನ್ನ ಕರ್ನಾಟಕ ಸಂಗೀತದ ಪಾಠ ಇಲ್ಲಿ ಅರ್ಧ ವರ, ಅರ್ಧ ತೊಡಕು. ಗೆರೆಯ ಎಡತುದಿಯ ಗುರುತು ಆ ಗೆರೆಯ ಸ್ವರ ಯಾವುದೆಂದು ಹೇಳುತ್ತದೆ. ಅದು ಪಾಶ್ಚಾತ್ಯರ ‘ಸಿ’ ಸ್ವರವಾಗಿರಲಿ, ‘ಎಫ್’ ಆಗಿರಲಿ, ಅದರ ಕೆಳಗಿನ ಸ್ವರ ಅರ್ಧ ಮೆಟ್ಟಿಲಿನ ಅಂತರದಲ್ಲಿದೆ ಅಂತ ತಿಳಿ. 11ನೇ ಶತಮಾನದಲ್ಲಿ ಇಟಲಿಯ ಅರೆಟ್ಸೊದ ಸಂಗೀತಗುರು ಗೀಡೊ ಉತ್-ರೆ-ಮಿ-ಫಾ-ಸೋಲ್-ಲಾ ಅನ್ನುವ ಸ್ವರನಾಮ ಹೇಳಿಕೊಟ್ಟಿದ್ದೂ ಈ ಅರ್ಧ ಮೆಟ್ಟಿಲನ್ನು, ಮಿ-ಫಾ ಜೋಡಿಯನ್ನು, ತಪ್ಪದೆ ಹಿಡಿಯಲಿಕ್ಕೇ. ಶ್ರುತಿ ನಿನ್ನ ಇಷ್ಟ. ಪುಟ ಇಂಥದೇ ಮನೆ ಅನ್ನುವುದಿಲ್ಲ.

ಸ್ವರ ಸೂಚಿಸುವ ಚೌಕಗಳು ಒಂದರ ಮೇಲೊಂದು ಕೂತಿದ್ದರೆ ಕೆಳಗಿನದು ಮೊದಲು. ಓರೆಯಾಗಿ ಇಳಿದ ದಪ್ಪ ಗೆರೆ ಕಂಡರೆ ನಿನ್ನ ಗಂಟಲು ಜಾರು ಹಾಕಲು ಹೊರಡುತ್ತದೆ. ಅದು ಜಾರಲ್ಲ. ಗೆರೆ ಹೊರಟ ಕಡೆ ಒಂದು ಸ್ವರ, ಇಳಿದು ಮುಟ್ಟಿದ ಕಡೆ ಒಂದು, ಆಮೇಲೆ ಮೇಲಕ್ಕೆ ಅಂಟಿದ ಚೌಕ ಒಂದು. ಮೂರೇ.

‘ಡಿ’ಯಲ್ಲಿ ಮುಗಿಯುವ ಹಾಡನ್ನು ಖರಹರಪ್ರಿಯ ರಾಗ ಅಂತ ಗುರುತು ಹಾಕಿಕೊಂಡಿದ್ದೀಯ. ಸ್ವರಸ್ಥಾನ ಲೆಕ್ಕಕ್ಕೆ ಸರಿ, ಹಾಡಲಿಕ್ಕೆ ಸಾಲದು. ಮೋಡ್ ಅಂದರೆ ಆ ಹಾಡುಗಳ ರಾಗದಂಥ ಚೌಕಟ್ಟು. ಒಂದನೆಯ ಮೋಡ್, ಎರಡನೆಯ ಮೋಡ್ ಎರಡೂ ‘ಡಿ’ಯಲ್ಲೇ ಮುಗಿಯುತ್ತವೆ. ಆದರೆ ಬೈಬಲಿನ ಕೀರ್ತನೆಯ ಸಾಲು ಪಠಿಸುವಾಗ ಒಂದನೆಯದು ‘ಎ’ಯಲ್ಲಿ, ಅಂದರೆ ನಿನ್ನ ಪಂಚಮದಲ್ಲಿ, ನಿಲ್ಲುತ್ತದೆ; ಎರಡನೆಯದು ‘ಎಫ್’ನಲ್ಲಿ, ಸಾಧಾರಣ ಗಾಂಧಾರದಲ್ಲಿ. ಧೈವತ ಎಷ್ಟೋ ಕಡೆ ಶುದ್ಧಕ್ಕೆ ಇಳಿದುಬಿಡುತ್ತದೆ. ಗಮಕ ಬೇಡವೇ ಬೇಡ.

ತಂಬೂರಿ ಇಟ್ಟು ಅಭ್ಯಾಸ ಮಾಡುತ್ತೇನೆ ಅಂದಿದ್ದೀಯ. ಪಂಚಮಕ್ಕೆ ಅದರಷ್ಟು ಒಳ್ಳೆಯ ಗುರು ಇಲ್ಲ, ಷಡ್ಜದ ಕಂಪನಕ್ಕೆ ಅದರ 3:2 ಅನುಪಾತ ಕಿವಿಯಲ್ಲಿ ಕೂರುತ್ತದೆ. ಗಾಂಧಾರಕ್ಕೆ ಮಾತ್ರ ಅದರ ಮಾತು ಕೇಳಬೇಡ. ತಂತಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ 5:4. ಆಗಿನ ಶಾಸ್ತ್ರಕಾರರ ಗಾಂಧಾರ 81:64, ಸುಮಾರು 22 ಸೆಂಟ್ ಮೇಲೆ (ಸೆಂಟ್ ಅಂದರೆ ಅರ್ಧ ಮೆಟ್ಟಿಲಿನ ನೂರನೇ ಒಂದು ಪಾಲು). ಅದು ಒರಟು, ನಿಲ್ಲದ ಸ್ವರ. ಪಂಚಮಕ್ಕೋ ಷಡ್ಜಕ್ಕೋ ಹೋಗಿ ಸೇರಲು ಹವಣಿಸುತ್ತದೆ. ಸಿಹಿ ಗಾಂಧಾರ ಹಾಡಿದರೆ ಅದು ಅಲ್ಲೇ ಕಾಲು ಚಾಚಿ ಕೂರುತ್ತದೆ, ಮುಕ್ತಾಯ ಸಪ್ಪೆಯಾಗುತ್ತದೆ. ಬಹುಧ್ವನಿಯ ಹಾಡುಗಳಲ್ಲಿ ಇದು ಎದ್ದು ಕಾಣುತ್ತದೆ.

‘ಚರ್ಚಿನದು, ಆದ್ದರಿಂದ ನಿಧಾನ’ ಅನ್ನುವುದಕ್ಕೆ ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ಸಂಗೀತಗಾರ ಪೆರೊಟಿನ್ ಒಬ್ಬನೇ ಸಾಕು ಉತ್ತರ. ಅವನ ನಾಲ್ಕು ಧ್ವನಿಯ ‘ವಿಡೆರುಂಟ್ ಓಮ್ನೆಸ್’ ಕ್ರಿಸ್ಮಸ್ ಪೂಜೆಯದು. ಕೆಳಗಿನ ಧ್ವನಿ ಒಂದೇ ಅಕ್ಷರವನ್ನು ನಿಮಿಷಗಟ್ಟಲೆ ಹಿಡಿದಿದ್ದರೆ ಮೇಲಿನ ಮೂರು ದೀರ್ಘ-ಹ್ರಸ್ವದ ತಿಶ್ರ ನಡೆಯಲ್ಲಿ ತೂಗುತ್ತಿರುತ್ತವೆ. ಎಳೆದರೆ ಹಾಡೇ ಕುಸಿಯುತ್ತದೆ. ಮುಂದೆ ಮೋಟೆಟ್ ಅನ್ನುವ ಬಹುಧ್ವನಿಯ ಹಾಡುಗಳಲ್ಲಿ ಅಡಿಯಲ್ಲಿ ಲ್ಯಾಟಿನ್ ಪ್ರಾರ್ಥನೆಯ ತುಣುಕು, ಮೇಲೆ ಫ್ರೆಂಚ್ ಪ್ರೇಮ ಎರಡೂ ಒಟ್ಟಿಗೇ. 1320ರ ದಶಕದಲ್ಲಿ ಪೋಪ್ 22ನೇ ಜಾನ್ ಇಂಥವು ಪೂಜೆಯೊಳಗೆ ನುಗ್ಗುತ್ತಿವೆ ಅಂತ ರೇಗಿ ಆಜ್ಞೆಯನ್ನೇ ಹೊರಡಿಸಿದ. ಅತ್ತ ಸ್ಪೇನಿನ ಮೊಂಟ್‌ಸೆರಾಟ್‌ನಲ್ಲಿ ರಾತ್ರಿ ಜಾಗರಣೆಯ ಯಾತ್ರಿಕರು ಹಾಡಿ ಕುಣಿಯಬೇಕು ಅನ್ನುತ್ತಾರೆಂದು ಮಠದವರೇ ಭಕ್ತಿಯ ಹಾಡು ಬರೆದುಕೊಟ್ಟರು, ಕೆಲವಕ್ಕೆ ‘ವೃತ್ತಾಕಾರದ ಕುಣಿತಕ್ಕೆ’ ಅಂತ ಸೂಚನೆ ಸಮೇತ. ನಿನ್ನ ಡೋಲು ಬೇಕಾದರೆ ಅಲ್ಲಿಗೆ ಒಯ್ಯಿ.

ಡೋಲು ಸುತರಾಂ ಬೇಡದ್ದು ನಿನ್ನ ಬಲಗಡೆಯಲ್ಲೇ ಇದೆ: ದಿಯಾದ ಕೌಂಟೆಸ್‌ಳ ‘ಆ ಶಂತಾರ್’. ದಕ್ಷಿಣ ಫ್ರಾನ್ಸಿನ ಓಕ್ಸಿಟನ್ ಭಾಷೆಯ ಕವಯಿತ್ರಿಯರ ಹಾಡುಗಳಲ್ಲಿ ರಾಗಸಹಿತ ಉಳಿದದ್ದು ಇದೊಂದೇ. ಸ್ವರಗಳ ಏರಿಳಿತ ಬರೆದಿದ್ದಾರೆ, ಕಾಲಮಾನ ಬರೆದಿಲ್ಲ. ಅದಕ್ಕೇ ತಾಳಕ್ಕೆ ಕಟ್ಟಬೇಡ. ಏಳು ಸಾಲಿನ ಪದ್ಯ: ಮೊದಲ ಎರಡು ಸಾಲಿನ ಮಟ್ಟೇ ಮುಂದಿನ ಎರಡಕ್ಕೆ, ಆಮೇಲೆ ಎರಡು ಹೊಸವು, ಕೊನೆಯ ಸಾಲು ಮತ್ತೆ ಎರಡನೆಯದರ ಮಟ್ಟಿಗೆ. ಒಂದು ವಾರ ಸ್ವರ ಮುಟ್ಟದೆ ಬರೀ ಗಟ್ಟಿಯಾಗಿ ಓದು. ಕೈಬಿಟ್ಟುಹೋದ ಪ್ರಿಯನ ಮೇಲಿನ ದೂರು ಅದು, ದೂರುವ ದನಿಯಲ್ಲೇ ಓದು. ಸಾಲಿನ ಕೊನೆಯ ಪ್ರಾಸ ಕೇಳಿಸದಿದ್ದರೆ ಅವಸರ ಮಾಡಿದ್ದೀಯ ಅಂತ ಅರ್ಥ. ಆಮೇಲೆ ಆ ಓದಿನ ವೇಗಕ್ಕೇ ಸ್ವರ ಹತ್ತಿಸು.

ಪಾದ ಹಿಡಿಯಲು ಇಬ್ಬರು ಗಟ್ಟಿಗರು ಸಿಕ್ಕರೋ ಇಲ್ಲವೋ ಬರೆ. ಅಮ್ಮನಿಗೆ ನಾನು ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಮಾವ