ಮಗಳಿಗೊಂದು ಪತ್ರ: ಆ ಹೆಸರಿಗೆ ನೀನು ಓಗೊಡಬೇಕಿಲ್ಲ

ಚಿಕ್ಕಮಗಳೂರು
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಆಲ್ದೂರಿನ ಅತ್ತೆಗೆ ಫೋನ್ ಮಾಡಿ ಮಾತಾಡಿದೆ. ಇನ್ನು ಮೇಲೆ ಬಣ್ಣ ನೋಡಿ ನಿನ್ನನ್ನು ಯಾರೂ 'ಮೆಣಸು' ಅಂತ ಕರೆಯಬಾರದು ಅಂತ ನೇರವಾಗಿಯೇ ಹೇಳಿದೆ. ಅಜ್ಜಿಗೂ ಹೇಳಿ ಆಗಿದೆ. ಚಿಕ್ಕಪ್ಪನ ಹತ್ತಿರ ಅಪ್ಪ ಮಾತಾಡಿದ್ದಾರೆ. ಯಾರು ಏನಂದರು, ಮುಂದೆ ಹೇಗೆ ಅನ್ನುವುದೆಲ್ಲ ನಿನಗೆ ಗೊತ್ತಿರಬೇಕು. ಎದುರಿಗೆ ಕೂತು ಹೇಳೋಕೆ ಹೊರಟರೆ ನೀನು 'ಬಿಡಮ್ಮ, ಪರವಾಗಿಲ್ಲ' ಅಂತ ಎದ್ದು ಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಪರವಾಗಿಲ್ಲ ಅನ್ನುವುದು ನಿಜ ಅಲ್ಲ ಅಂತ ನನಗೆ ಗೊತ್ತು. ಮೊದಲೆಲ್ಲ ಊರಿಗೆ ಹೋದರೆ ನೀನು ಇಡೀ ದಿನ ಕಣದಲ್ಲೇ ಇರುತ್ತಿದ್ದೆ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಈಗ ಬಿಸಿಲು ಇಳಿಯುವ ತನಕ ಒಳಗೇ ಕೂರುತ್ತೀಯ. ಸೆಕೆಗಾಲದಲ್ಲೂ ತುಂಬು ತೋಳಿನ ಅಂಗಿ ಕೇಳುತ್ತೀಯ. ಚಿಕ್ಕಪ್ಪನ ಮನೆಯ ಗೃಹಪ್ರವೇಶದಲ್ಲಿ ಎಲ್ಲರೂ ಫೋಟೋಗೆ ನಿಂತಾಗ ನೀನು ಅಡುಗೆಮನೆ ಸೇರಿಕೊಂಡಿದ್ದೆ. ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ಮುಖಕ್ಕೆ ಹಚ್ಚಿಕೊಂಡು, ಉರಿಯುತ್ತೆ ಅಂತ ಬಚ್ಚಲಲ್ಲಿ ನಿಂತು ಅಳುತ್ತಿದ್ದೆಯಲ್ಲ, ಅವತ್ತೇ ನಾನು ತೀರ್ಮಾನ ಮಾಡಿದೆ. ಐದನೇ ಕ್ಲಾಸಿನ ಹುಡುಗಿ ತನ್ನ ಮುಖ ತಿಕ್ಕಿ ತಿಕ್ಕಿ ಬೇರೆ ಮಾಡಿಕೊಳ್ಳೋಕೆ ನೋಡುತ್ತಾಳೆ ಅಂದರೆ ಅದು ತಮಾಷೆಯ ವಿಷಯವಾಗಿ ಉಳಿದಿಲ್ಲ.

ಈ ಹೆಸರು ಶುರುವಾದಾಗ ನೀನು ತುಂಬಾ ಚಿಕ್ಕವಳು. ಕಾಫಿ ಕೊಯ್ಲು ಮುಗಿದು, ಸಿಲ್ವರ್ ಓಕ್ ಮರಗಳಿಗೆ ಏಣಿ ಹಾಕಿ ಮೆಣಸು ಕೊಯ್ಯುವ ಕಾಲ. ಗೊಂಚಲಿಂದ ಬಿಡಿಸಿದ ಕಾಳು ಹಸಿರಾಗಿರುತ್ತೆ. ಕಣದಲ್ಲಿ ಹರಡಿ ಬಿಸಿಲಿಗೆ ಬಿಟ್ಟರೆ ಕಪ್ಪಾಗಿ ಸುಕ್ಕುಗಟ್ಟುತ್ತೆ. ನೀನು ಅದರ ಮಧ್ಯೆ ಕೂತು ಕಾಳಿನ ಜೊತೆ ಆಡುತ್ತಿದ್ದೆ. ಅತ್ತೆ ನೋಡಿ, 'ಯಾವುದು ಮೆಣಸು, ಯಾವುದು ಮಗು ಅಂತಾನೇ ಗೊತ್ತಾಗ್ತಿಲ್ಲ' ಅಂದರು. ಎಲ್ಲರೂ ನಕ್ಕರು. ಏನೂ ಅರ್ಥವಾಗದ ನೀನೂ ನಕ್ಕೆ. ಆಮೇಲೆ ಅದು ಚಿಕ್ಕಪ್ಪನ ಬಾಯಿಗೆ ಬಂತು, ಅಲ್ಲಿಂದ ಮಕ್ಕಳಿಗೆ, ಮನೆಯವರ ವಾಟ್ಸಾಪ್ ಗ್ರೂಪಿಗೆ. ನಾನು ಆಗಾಗ 'ಹೆಸರು ಹಿಡಿದು ಕರೀರಿ' ಅನ್ನುತ್ತಲೇ ಇದ್ದೆ. ಅವರು 'ಆಯ್ತು ಬಿಡಮ್ಮ' ಅನ್ನುತ್ತಲೇ ಇದ್ದರು. ಈಗ ಬಿಸಿಲಲ್ಲಿ ನಿಂತರೆ 'ಮೆಣಸು ಒಣಗ್ತಾ ಇದೆ' ಅನ್ನುವ ಮಟ್ಟಕ್ಕೆ ಬಂದಿದೆ.

ನಮ್ಮ ಕಡೆ ಅಡ್ಡಹೆಸರು ಇಲ್ಲದ ಮನೆಯೇ ಇಲ್ಲ, ಅಲ್ವಾ? ಪುಟ್ಟಣ್ಣ, ಚಿಕ್ಕಣ್ಣ, ಬೇಬಿ, ಗುಂಡಣ್ಣ. ಕೆಲವರ ನಿಜವಾದ ಹೆಸರು ಗೊತ್ತಾಗುವುದು ಮದುವೆ ಪತ್ರಿಕೆ ಅಚ್ಚಾದಾಗಲೇ. ಪಹಣಿಯಲ್ಲೂ 'ಉರುಫ್' ಅಂತ ಎರಡು ಹೆಸರು ಇರುವವರು ಎಷ್ಟೋ ಜನ. ನಿನ್ನ ಅಪ್ಪನನ್ನು ಊರಲ್ಲಿ ಎಲ್ಲರೂ 'ಮರಿ' ಅಂತಲೇ ಕರೆಯುತ್ತಾರೆ. ದೂರದಿಂದ ಯಾರಾದರೂ 'ಮರೀ' ಅಂತ ಕೂಗಿದರೆ ಅವರ ಮುಖ ಹೇಗೆ ಅರಳುತ್ತೆ ನೋಡಿದ್ದೀಯ. 'ಮೆಣಸು' ಅಂದಾಗ ನಿನ್ನ ಮುಖ ನಾನು ನೋಡಿದ್ದೇನೆ. ನನಗೆ ಅಷ್ಟು ಸಾಕು.

ಅಜ್ಜಿಗೇ ಮೊದಲು ಹೇಳಿದೆ. ಅವರು ಒಪ್ಪಿದರೆ ಉಳಿದವರಿಗೆ ಹೇಳೋದು ಸುಲಭ. ಹಬ್ಬದ ದಿನ ಎಲ್ಲರ ಎದುರಿಗೆ ಹೇಳಿದರೆ ಅದು ಜಗಳವಾಗುತ್ತೆ, ಜಗಳದ ಮಧ್ಯೆ ನೀನು ನಿಂತಿರಬೇಕಾಗುತ್ತೆ. ಹಾಗಾಗಿ ಹಿತ್ತಲಲ್ಲಿ ಅವರೊಬ್ಬರೇ ಸೊಪ್ಪು ಸೋಸುತ್ತಿದ್ದಾಗ ಹೋಗಿ ಕೂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಕಾಲದ್ದು ಹೇಳಿದರು. ಹುಟ್ಟಿದ ಮಕ್ಕಳು ಕೈಗೆ ಸಿಗದೆ ಹೋಗುತ್ತಿದ್ದ ಮನೆಗಳಲ್ಲಿ ಮುಂದಿನ ಮಗುವಿಗೆ ತಿಪ್ಪ, ಗುಂಡ, ಕಲ್ಲ ಅಂತ ಬೇಕಂತಲೇ ಒರಟು ಹೆಸರಿಡುತ್ತಿದ್ದರಂತೆ. ಚೆಂದದ ಹೆಸರಿಟ್ಟರೆ ಸಾವಿನ ಕಣ್ಣು ಬೀಳುತ್ತೆ ಅನ್ನುವ ಭಯ. ಆ ತಾಯಂದಿರ ಸಂಕಟ ನನಗೆ ಅರ್ಥವಾಗುತ್ತೆ. ಆ ಹೆಸರುಗಳ ಹಿಂದೆ ಮಗು ಉಳಿಯಲಿ ಅನ್ನುವ ಆಸೆ ಇತ್ತು. ನಿನ್ನ ಬಣ್ಣ ನೋಡಿ ನಗುವುದರಲ್ಲಿ ಅಂಥದ್ದೇನೂ ಇಲ್ಲ ಅಂದೆ. ಅಜ್ಜಿ ಹೌದು ಅಂದರು. ಆಮೇಲೆ, ತಮ್ಮನ್ನು ಗಂಡನ ಮನೆಯಲ್ಲಿ 'ಕರಿಯಮ್ಮ' ಅಂತ ಕರೆಯುತ್ತಿದ್ದದ್ದು ಹೇಳಿದರು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. ಇದನ್ನು ನಿನಗೆ ತಿಳಿಸಬಹುದಾ ಅಂತ ಕೇಳಿಯೇ ಬರೆಯುತ್ತಿದ್ದೇನೆ. ಮುಂದಿನ ಸಲ ಅವರ ಪಕ್ಕ ಸ್ವಲ್ಪ ಜಾಸ್ತಿ ಹೊತ್ತು ಕೂತುಕೋ.

ಅತ್ತೆ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಮೊದಲು 'ನಾನು ಪ್ರೀತಿಯಿಂದ ಕರೆಯೋದು' ಅಂದರು. ಅದು ಸುಳ್ಳಲ್ಲ. ನಿನ್ನ ನಾಮಕರಣದಲ್ಲಿ ನಿನ್ನ ಹೆಸರನ್ನು ಮೊದಲು ನಿನ್ನ ಕಿವಿಯಲ್ಲಿ ಹೇಳಿದ್ದು ಅವರೇ, ಸೋದರತ್ತೆ ಅಂತ. ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಅದನ್ನು ಬರೆದಾಗ ಪಕ್ಕದಲ್ಲಿ ಕೂತು ಕಣ್ಣು ಒರೆಸಿಕೊಂಡಿದ್ದೂ ಅವರೇ. ನಿನಗೆ ಜ್ವರ ಬಂದಾಗ ಎರಡು ಬಸ್ ಬದಲಿಸಿ ಬಂದವರು. ನಾನು ಅವರಿಗೆ ಅದನ್ನೇ ನೆನಪಿಸಿದೆ. 'ಆ ಹೆಸರಿಂದಲೇ ಕರೀರಿ ಅತ್ತಿಗೆ, ನೀವೇ ಕಿವಿಯಲ್ಲಿ ಹೇಳಿದ್ದು' ಅಂದೆ.

ಆಗ 'ಮೆಣಸು ಅಂದ್ರೆ ಕಪ್ಪು ಬಂಗಾರ ಕಣೇ' ಅಂದರು. 'ಕೃಷ್ಣನೂ ಕಪ್ಪೇ ಅಲ್ವಾ' ಅಂದರು. ಈ ಎರಡು ಮಾತನ್ನು ನೀನು ಇನ್ನೂ ಎಷ್ಟೋ ಕಡೆ ಕೇಳುತ್ತೀಯ, ಅದಕ್ಕೇ ಇಲ್ಲಿ ನಿಂತು ಹೇಳುತ್ತೇನೆ. ಯಾರೂ ಬೆಳ್ಳಗಿರುವ ಮಗುವನ್ನು ಹಿಡಿದು 'ಪರವಾಗಿಲ್ಲ ಬಿಡು, ಶಿವನೂ ಬೆಳ್ಳಗಿದ್ದ' ಅನ್ನುವುದಿಲ್ಲ. ಸಮಾಧಾನ ಹೇಳುವುದು ಏನೋ ಕೊರತೆ ಇದೆ ಅಂದುಕೊಂಡವರು. ನಿನ್ನಲ್ಲಿ ಕೊರತೆ ಇಲ್ಲ. ನಿನ್ನ ಬಣ್ಣಕ್ಕೆ ದೇವರ ಜಾಮೀನೂ ಬೇಡ, ಬಂಗಾರದ ರೇಟೂ ಬೇಡ.

ಬಣ್ಣದ ವಿಷಯಕ್ಕೆ ಬಂದರೆ, ಅದು ಮೆಲನಿನ್ ಅನ್ನುವ ವಸ್ತುವಿನಿಂದ ಬರುವುದು. ಅದನ್ನು ತಯಾರಿಸುವ ಕೋಶಗಳು ಎಲ್ಲ ಮನುಷ್ಯರ ಚರ್ಮದಲ್ಲೂ ಹೆಚ್ಚು ಕಡಿಮೆ ಒಂದೇ ಸಂಖ್ಯೆಯಲ್ಲಿ ಇರುತ್ತವೆ. ಎಷ್ಟು ಮೆಲನಿನ್, ಯಾವ ಬಗೆಯದು ಅನ್ನುವುದು ಮಾತ್ರ ಬೇರೆ ಬೇರೆ. ಅದನ್ನು ತೀರ್ಮಾನಿಸುವುದು ನನ್ನಿಂದಲೂ ಅಪ್ಪನಿಂದಲೂ ನಿನಗೆ ಬಂದ ಹಲವಾರು ಜೀನ್‌ಗಳು. ಬಿಸಿಲಿನ ನೇರಳಾತೀತ ಕಿರಣದಿಂದ ಚರ್ಮವನ್ನು ಕಾಪಾಡುವುದು ಮೆಲನಿನ್ ಕೆಲಸ. ನಾನು ಬಸುರಿಯಾಗಿದ್ದಾಗ ಕಾಫಿ ಜಾಸ್ತಿ ಕುಡಿದೆ, ಕೇಸರಿ ಹಾಲು ಕುಡಿಯಲಿಲ್ಲ, ಅದಕ್ಕೇ ಹೀಗೆ ಅಂತ ಹೇಳುವವರಿದ್ದಾರೆ. ನೀನೂ ಕೇಳಿಸಿಕೊಂಡಿದ್ದೀಯ. ಕಾಫಿ ಕುಡಿದರೆ ಮಗು ಕಪ್ಪಾಗಲ್ಲ, ಕೇಸರಿ ಕುಡಿದರೆ ಬೆಳ್ಳಗಾಗಲ್ಲ. ನಿಂಬೆರಸ ಮಾತ್ರ ಚರ್ಮ ಸುಡುತ್ತೆ, ಅದನ್ನು ಇನ್ನು ಮುಟ್ಟಬೇಡ. ನಮ್ಮ ದೇಶದಲ್ಲಿ ದಶಕಗಳ ಕಾಲ ಮನೆಮನೆಗೂ ಬಂದ ಒಂದು ಮುಖದ ಕ್ರೀಮ್ 2020ರಲ್ಲಿ ತನ್ನ ಹೆಸರಿಂದ 'ಫೇರ್' ಅನ್ನುವ ಮಾತನ್ನೇ ತೆಗೆದುಹಾಕಿತು. ಅಷ್ಟು ದೊಡ್ಡ ಕಂಪನಿ ಹೆಸರು ಬದಲಿಸಿಕೊಂಡಿತಂತೆ, ನಮ್ಮ ಮನೆಯವರಿಗೆ ಒಂದು ಅಡ್ಡಹೆಸರು ಬಿಡೋದು ಆಗಲ್ವಾ?

ಚಿಕ್ಕಪ್ಪ ಮಾತ್ರ 'ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮಾತಾ, ನಮ್ಮನ್ನೆಲ್ಲ ಏನೇನೋ ಕರೀತಿದ್ರು' ಅಂದರಂತೆ. ನಾನು ಟೀಚರ್, ಇದು ಚಿಕ್ಕ ವಿಷಯ ಅಂತ ನನಗೆ ಅನ್ನಿಸಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ನನ್ನ ಕ್ಲಾಸಿನ ಮಗುವನ್ನು ನಾನು ಬಣ್ಣ ಹಿಡಿದು ಕರೆದರೆ ಅದರ ಅಪ್ಪ ಅಮ್ಮ ಬಂದು ನನ್ನನ್ನು ಕೇಳಬಹುದು, ಕೇಳಲೇಬೇಕು. ಅಡುಗೆಮನೆಗೂ ಕಣಕ್ಕೂ ಆ ಕಾನೂನು ಬರಲ್ಲ. ಅಲ್ಲಿ ಕೇಳಬೇಕಾದವರು ನಾವೇ. ಇದು ನನ್ನ ಮತ್ತು ಅಪ್ಪನ ಕೆಲಸ, ನಿನ್ನ ತಲೆ ಮೇಲೆ ಹೊರೋದು ಬೇಡ.

ಆದರೂ ನಾವು ಪಕ್ಕದಲ್ಲಿ ಇಲ್ಲದ ಹೊತ್ತು ಇದ್ದೇ ಇರುತ್ತೆ. ಆಗ ನೀನು ತಿರುಗಿ ನೋಡದೆ ಇರಬಹುದು. ಅದು ದೊಡ್ಡವರಿಗೆ ಮಾಡಿದ ಅವಮಾನ ಅಲ್ಲ. ಮಾತಾಡಬೇಕು ಅನ್ನಿಸಿದರೆ 'ನನ್ನ ಹೆಸರು ಹೇಳಿ ಕರೀರಿ' ಅಂದರೆ ಸಾಕು. ಕಾರಣ ಕೊಡಬೇಕಾಗಿಲ್ಲ. ನಗಬೇಕಾಗಿಯೂ ಇಲ್ಲ. ನೀನು ಎಲ್ಲರ ಮನಸ್ಸು ಕಾಯೋಕೆ ಅಂತ ನಗುವುದೇ ನನಗೆ ಜಾಸ್ತಿ ನೋವು. ಅಭ್ಯಾಸದಿಂದ ಅತ್ತೆಯ ಬಾಯಿ ತಪ್ಪಿ ಬಂದು, ತಕ್ಷಣ ತಿದ್ದಿಕೊಂಡರೆ ಬಿಟ್ಟುಬಿಡು. ಬೇಕಂತಲೇ ಕರೆದು ನಿನ್ನ ಮುಖ ನೋಡುವವರು ಇದ್ದರೆ ಬಂದು ನನಗೆ ಹೇಳು. ಆ ಹೊತ್ತಿಗೆ ನಾನು ಯಾರ ಜೊತೆ ಕೂತಿದ್ದರೂ ಸರಿ.

ಅತ್ತೆ ಫೋನ್ ಇಟ್ಟ ಮೇಲೆ ಇನ್ನೂ ಮಾತಾಡಿಲ್ಲ. ಗ್ರೂಪಲ್ಲೂ ಏನೂ ಹಾಕಿಲ್ಲ. ನಿನ್ನಿಂದ ಹೀಗಾಯಿತು ಅಂತ ಅಂದುಕೊಳ್ಳಬೇಡ. ಬೇಜಾರು ಮಾಡಿಕೊಳ್ಳೋಕೆ ಅವರಿಗೂ ಸ್ವಲ್ಪ ದಿನ ಬೇಕು. ನೀನು ಅವರನ್ನು ಮೊದಲಿನ ಹಾಗೇ ಇಷ್ಟಪಡಬಹುದು, ಅವರು ಮಾಡುವ ಕಡುಬು ತಿನ್ನಬಹುದು, ತೊಡೆ ಮೇಲೆ ತಲೆ ಇಟ್ಟು ಮಲಗಬಹುದು. ಆ ಹೆಸರು ಬೇಡ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನೊಂದು ವಿಷಯ. ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಪುಟ್ಟಪ್ಪ ಅನ್ನುವ ಹುಡುಗ ದೊಡ್ಡವನಾಗಿ ಬರೆಯೋಕೆ ಶುರು ಮಾಡಿದಾಗ, ಮೊದಲು ಕಿಶೋರ ಚಂದ್ರವಾಣಿ ಅಂತ ಹೆಸರಿಟ್ಟುಕೊಂಡರು. ಆಮೇಲೆ ಅದನ್ನು ಬಿಟ್ಟು ಕುವೆಂಪು ಆದರು. ಎರಡೂ ಅವರೇ ಇಟ್ಟುಕೊಂಡದ್ದು, ಬಿಟ್ಟದ್ದೂ ಅವರೇ. ನಿನಗೂ ಇನ್ನೊಂದು ಹೆಸರು ಬೇಕು ಅನ್ನಿಸಿದರೆ ನೀನೇ ಹುಡುಕಿಕೋ. ಬೇಡ ಅನ್ನಿಸಿದ ದಿನ ಬಿಟ್ಟುಬಿಡು.

ನಿನ್ನ ಗೆಳತಿಯರು ಶಾಲೆ ಗೇಟಿನ ಹತ್ತಿರ ಒಂದು ಹೆಸರು ಕೂಗುತ್ತಾರಲ್ಲ, ನೀನು ಓಡಿ ಹೋಗುತ್ತೀಯಲ್ಲ, ಅದು ನನಗೆ ತುಂಬಾ ಇಷ್ಟ. ಒಂದೊಂದು ಸಲ ನನ್ನ ಬಾಯಿಗೂ ಬಂದುಬಿಡುತ್ತೆ, ತಡೆದುಕೊಳ್ಳುತ್ತೇನೆ. ಮನೆಯಲ್ಲಿ ನಾನೂ ಹಾಗೆ ಕರೆಯಬಹುದಾ? ಅದು ಗೆಳತಿಯರಿಗೆ ಮಾತ್ರ ಅಂದರೂ ಸರಿ. ಯೋಚನೆ ಮಾಡಿ ಹೇಳು.

ಇಂತಿ,
ನಿನ್ನ ಅಮ್ಮ