ಮರಿಯ ಬೆಲೆ ಮತ್ತು ನಾಯಿಯ ಖರ್ಚು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳಿಸಿದ ಲೆಕ್ಕದ ಹಾಳೆಯನ್ನು ಕೂತು ನಿಧಾನವಾಗಿ ಓದಿದೆ. ಒಂದು ಕಡೆ ಬ್ರೀಡರ್, ಅಂದರೆ ನಾಯಿಗಳಿಂದ ಮರಿ ಮಾಡಿಸಿ ಮಾರುವವನು, ಹೇಳಿದ ಮರಿಯ ಬೆಲೆ, ಇನ್ನೊಂದು ಕಡೆ ಪ್ರಾಣಿ ರಕ್ಷಣಾ ಕೇಂದ್ರದವರು ಕೇಳುವ ದತ್ತು ಶುಲ್ಕ. ಎರಡನ್ನೂ ಕಳೆದು, "ದತ್ತು ತಗೊಂಡರೆ ಇಷ್ಟು ಉಳಿಯುತ್ತೆ, ಅಲ್ವಾ ದೊಡ್ಡಮ್ಮ?" ಎಂದು ಕೇಳಿದ್ದೀಯ. ಹೆಚ್ಚಿನ ಸಲ ಉಳಿಯುತ್ತದೆ, ನಿಜ. ಆದರೆ ನೀನು ಹಾಕಿರುವುದು ನಾಯಿ ಮನೆಗೆ ಬರುವ ಆ ಒಂದು ದಿನದ ಲೆಕ್ಕ. ಅದು ನಿನ್ನ ಜೊತೆ ಇರುವುದು 10 ರಿಂದ 14 ವರ್ಷ. ಹಾಗಾಗಿ ಹಾಳೆಯಲ್ಲಿ ಇನ್ನೂ ಕೆಲವು ಸಾಲು ಸೇರಿಸಬೇಕು.

ಮೊದಲು, ಕೊಟ್ಟ ದುಡ್ಡಿನಲ್ಲಿ ಏನೇನು ಸೇರಿದೆ ಎಂದು ನೋಡು. ಒಳ್ಳೆಯ ಕೇಂದ್ರದವರು ನಾಯಿಯನ್ನು ಕೈಗೆ ಕೊಡುವಷ್ಟರಲ್ಲಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸಿ, ಜಂತುಹುಳದ ಔಷಧಿ ಕೊಟ್ಟು, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮುಗಿಸಿರುತ್ತಾರೆ. ಎಷ್ಟೋ ಕಡೆ ಗುರುತಿಗೆಂದು ಚರ್ಮದಡಿ ಸಣ್ಣ ಮೈಕ್ರೋಚಿಪ್ ಕೂಡ ಹಾಕಿರುತ್ತಾರೆ. ಇದನ್ನೆಲ್ಲ ನೀನೇ ಒಂದೊಂದಾಗಿ ಮಾಡಿಸಲು ಹೋದರೆ ಆಗುವ ಖರ್ಚು ಸಾಮಾನ್ಯವಾಗಿ ಆ ಶುಲ್ಕಕ್ಕಿಂತ ಜಾಸ್ತಿಯೇ. ಅವರು ಕೇಳುವ ಶುಲ್ಕ ನಾಯಿಯ ಬೆಲೆಯಲ್ಲ, ಆಗಿಹೋದ ಕೆಲಸದ ಒಂದು ಪಾಲು ಅಷ್ಟೇ.

ಖರೀದಿಸಿದ ಮರಿಯ ವಿಷಯ ಬೇರೆ. ಬ್ರೀಡರ್ ಹತ್ತಿರ 8 ವಾರದ ಮರಿ ತಂದರೆ ಅದಕ್ಕೆ ಆಗಿರುವುದು ಹೆಚ್ಚೆಂದರೆ ಮೊದಲ ಲಸಿಕೆ. ಮುಂದಿನವು ನಿನ್ನ ಪಾಲಿಗೆ. ಒಂದು ಸಲ ಹಾಕಿಸಿದರೆ ಯಾಕೆ ಸಾಲದು ಎಂದು ಬಹಳ ಜನ ಕೇಳುತ್ತಾರೆ. ತಾಯಿಯ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ಆ ಶಕ್ತಿ ಇರುವತನಕ ಲಸಿಕೆ ನಾಟುವುದಿಲ್ಲ. ಅದು ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆ ಎಂದು ಮುಂಚೆಯೇ ಹೇಳಲು ಬರುವುದಿಲ್ಲ. ಅದಕ್ಕೇ 6 ರಿಂದ 8 ವಾರಕ್ಕೆ ಶುರು ಮಾಡಿ, 2 ರಿಂದ 4 ವಾರಕ್ಕೊಮ್ಮೆ, ಕನಿಷ್ಠ 16 ವಾರ ತುಂಬುವವರೆಗೆ ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ಕಾಯಿಲೆಗಳ ಲಸಿಕೆಗಳನ್ನು ಮತ್ತೆ ಮತ್ತೆ ಹಾಕುತ್ತಾರೆ. ರೇಬೀಸ್ ಲಸಿಕೆ ಬೇರೆ. ಪ್ರತಿ ಸಲವೂ ವೈದ್ಯರ ಫೀಸು ಇದ್ದೇ ಇರುತ್ತದೆ. ಸಂತಾನಹರಣದ ಖರ್ಚು ಆಮೇಲೆ. ಹೆಣ್ಣು ನಾಯಿಗೆ ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಆದ್ದರಿಂದ ಗಂಡಿಗಿಂತ ಜಾಸ್ತಿ, ನಾಯಿ ದೊಡ್ಡದಾದಷ್ಟೂ ಇನ್ನೂ ಜಾಸ್ತಿ. ಹಾಗೆಂದು ಮಾಡಿಸದೆ ಬಿಟ್ಟರೆ, ವಯಸ್ಸಾದ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರಬಹುದು. ಬಂತೆಂದರೆ ಅದೇ ಗರ್ಭಕೋಶವನ್ನು ತುರ್ತಾಗಿ, ಜೀವ ಒತ್ತೆ ಇಟ್ಟು, ಹಲವು ಪಟ್ಟು ಖರ್ಚಿನಲ್ಲಿ ತೆಗೆಸಬೇಕಾಗುತ್ತದೆ.

ಯಾರದೋ ಮನೆಯಲ್ಲಿ ಪುಕ್ಕಟೆ ಸಿಗುವ ಮರಿಗೂ ಇಷ್ಟೂ ಖರ್ಚು ಇದ್ದದ್ದೇ.

ಇನ್ನು ಬ್ರೀಡರ್‌ಗಳ ಬಗ್ಗೆ. ನೀನು ಎರಡು ಬೆಲೆ ಬರೆದಿದ್ದೀಯ, ಒಂದು ದುಬಾರಿ, ಒಂದು ಅಗ್ಗ. ಅಗ್ಗದ್ದನ್ನು ತಂದರೆ ದತ್ತುವಿಗೂ ಅದಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ ಎಂದೂ ಬರೆದಿದ್ದೀಯ. ಪುಟ್ಟಿ, ನನ್ನ ಮಾತು ಕೇಳು. ಅಗ್ಗಕ್ಕೆ ಸಿಗುವ ಮರಿಯೇ ಕೊನೆಗೆ ಎಲ್ಲಕ್ಕಿಂತ ದುಬಾರಿಯಾಗುವ ಸಂಭವ ಹೆಚ್ಚು. ಸರಿಯಾಗಿ ಸಾಕುವವನಿಗೆ ಒಂದು ಸೂಲು ಎಂದರೆ ಸಣ್ಣ ಖರ್ಚಲ್ಲ. ತಾಯಿ ತಂದೆ ಎರಡಕ್ಕೂ ಆ ತಳಿಗೆ ಬರುವ ಕಾಯಿಲೆಗಳ ಪರೀಕ್ಷೆ ಮಾಡಿಸಬೇಕು. ಸುಮಾರು 63 ದಿನ ಗಬ್ಬದ ತಾಯಿಯನ್ನು ನೋಡಿಕೊಳ್ಳಬೇಕು. ಆಮೇಲೆ 8 ವಾರ ಮರಿಗಳನ್ನು ತಾಯಿಯ ಜೊತೆಗೇ ಇಟ್ಟುಕೊಂಡು, ಜಂತುಹುಳದ ಔಷಧಿ, ಮೊದಲ ಲಸಿಕೆ ಎಲ್ಲ ಮಾಡಿಸಬೇಕು. ಅಗ್ಗಕ್ಕೆ ಮಾರುವವನು ಇದರಲ್ಲಿ ಯಾವುದನ್ನೋ ಬಿಟ್ಟಿರುತ್ತಾನೆ. ಕೆಲವರು ಎಲ್ಲವನ್ನೂ ಬಿಟ್ಟಿರುತ್ತಾರೆ. ಅವನು ಉಳಿಸಿದ ಹಣ ನಿನ್ನ ಕೈಯಿಂದ ಆಸ್ಪತ್ರೆಗೆ ಹೋಗುತ್ತದೆ. ಪಾರ್ವೊ ತಗುಲಿದ ಮರಿ ಮೇಲ್ನೋಟಕ್ಕೆ ಚೆನ್ನಾಗಿಯೇ ಇರಬಹುದು. ವೈರಸ್ ಒಳಗೆ ಹೋದ ಮೇಲೆ ವಾಂತಿ, ರಕ್ತಭೇದಿ ಶುರುವಾಗಲು ಒಂದು ವಾರದ ಆಸುಪಾಸು ಹಿಡಿಯುತ್ತದೆ. ಅಷ್ಟರಲ್ಲಿ ಮಾರಾಟ ಮುಗಿದಿರುತ್ತದೆ. ಆಮೇಲೆ ಡ್ರಿಪ್ ಹಾಕಿಸಿಕೊಂಡು ದಿನಗಟ್ಟಲೆ ಆಸ್ಪತ್ರೆಯಲ್ಲಿ ಒದ್ದಾಡಬೇಕು. ಅಷ್ಟು ಮಾಡಿದರೂ ಉಳಿಯುತ್ತದೆ ಎನ್ನುವ ಭರವಸೆ ಇಲ್ಲ.

ದುಡ್ಡಿನ ಮಾತು ಪಕ್ಕಕ್ಕಿಟ್ಟು ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಂಥ ಕಡೆ ನಿನ್ನ ಕಣ್ಣಿಗೆ ಕಾಣದ ತಾಯಿ ನಾಯಿ ಒಂದು ಇರುತ್ತದೆ. ಬೆದೆಗೆ ಬಂದಾಗಲೆಲ್ಲ ಅದನ್ನು ಮರಿ ಹಾಕಿಸಿ, ಗೂಡಿನಲ್ಲೇ ಸವೆಸುತ್ತಾರೆ. ನೀನು ಕೊಡುವ ಹಣ ಅದರ ಮುಂದಿನ ಸೂಲಿಗೆ ಹೋಗುತ್ತದೆ. ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ. ನಿನಗೂ ಅನಿಸಬಾರದು.

ತಳಿಯ ವಿಷಯದಲ್ಲೂ ಕಣ್ತೆರೆದು ನೋಡು. ನಿನಗೆ ಪಗ್ ಮುಖ ಇಷ್ಟ ಎಂದು ಗೊತ್ತು. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳ ಮೂತಿ ಚಪ್ಪಟೆಯಾಗಿ ಬಂದಿದೆಯೇ ಹೊರತು ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಿಲ್ಲ. ಮೂಗಿನ ಹೊಳ್ಳೆ ಕಿರಿದು, ಅಂಗುಳಿನ ಹಿಂಭಾಗ ಉದ್ದವಾಗಿ ಗಾಳಿಯ ದಾರಿಗೆ ಅಡ್ಡ ಬರುತ್ತದೆ. ಆ ಗೊರಕೆ ಮುದ್ದಾಗಿ ಕೇಳಿಸಿದರೂ ಅದು ಉಸಿರಿಗೆ ಕಷ್ಟಪಡುವ ಸದ್ದು. ಎಷ್ಟೋ ನಾಯಿಗಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ಹೆಚ್ಚು. ಡ್ಯಾಷ್‌ಹುಂಡ್‌ಗೆ ಬೆನ್ನುಮೂಳೆಯ ಡಿಸ್ಕ್ ತೊಂದರೆ. ನಿನ್ನ ತಮ್ಮ ಪರ್ಷಿಯನ್ ಬೆಕ್ಕು ಬೇಕು ಅನ್ನುತ್ತಿದ್ದಾನಂತೆ. ಆ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ವಂಶದ ಕಾಯಿಲೆ ಇದೆ. ತಂದೆ ತಾಯಿಯಲ್ಲಿ ಒಂದಕ್ಕಿದ್ದರೂ ಮರಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೆ ಡಿಎನ್‌ಎ ಪರೀಕ್ಷೆ ಇದೆ, ವರದಿ ತೋರಿಸಿ ಎಂದು ಕೇಳಬೇಕು ಎಂದು ಅವನಿಗೂ ಹೇಳು.

ಹಾಗಂತ ದತ್ತು ತಗೊಂಡರೆ ಖರ್ಚೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅಲ್ಲೂ ಮರೆಯಲ್ಲಿ ಖರ್ಚುಗಳಿವೆ. ಬೀದಿಯಿಂದ ಬಂದ ನಾಯಿಗೆ ಉಣ್ಣೆ ಕಚ್ಚಿ ಬರುವ ಜ್ವರ ಇರಬಹುದು. ಅದಕ್ಕೆ ರಕ್ತಪರೀಕ್ಷೆ, ಸುಮಾರು 4 ವಾರದ ಮಾತ್ರೆ ಬೇಕಾಗುತ್ತದೆ. ಇದು ಅಷ್ಟೇನೂ ದೊಡ್ಡದಲ್ಲ. ದೊಡ್ಡದು ಹಾರ್ಟ್‌ವರ್ಮ್. ಸೊಳ್ಳೆಯಿಂದ ಬರುವ ಈ ಹುಳು ಹೃದಯದ ಹತ್ತಿರದ ರಕ್ತನಾಳಗಳಲ್ಲಿ ಬೆಳೆಯುತ್ತದೆ. ಸೊಳ್ಳೆ ಕಚ್ಚಿ ಸುಮಾರು 6 ತಿಂಗಳಾಗುವವರೆಗೆ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅಂದರೆ ಕೇಂದ್ರದವರು ಪ್ರಾಮಾಣಿಕವಾಗಿಯೇ "ಇಲ್ಲ" ಎಂದು ಬರೆದುಕೊಟ್ಟ ಮೇಲೂ ಇರಬಹುದು. ಆ ಹುಳು ಇರುವ ಪ್ರದೇಶದ ನಾಯಿಯಾದರೆ 6 ತಿಂಗಳ ನಂತರ ಇನ್ನೊಂದು ಪರೀಕ್ಷೆ ಮಾಡಿಸು. ತಡೆಯಲು ತಿಂಗಳಿಗೊಂದು ಮಾತ್ರೆ ಸಾಕು. ಬಂದ ಮೇಲೆ ಚಿಕಿತ್ಸೆ ಎಂದರೆ ಬೆನ್ನಿನ ಸ್ನಾಯುವಿಗೆ ಇಂಜೆಕ್ಷನ್‌ಗಳು, ತಿಂಗಳುಗಟ್ಟಲೆ ನಾಯಿಯನ್ನು ಓಡಲು ಬಿಡದೆ ಇಡುವುದು, ಜೊತೆಗೆ ಭಾರಿ ಬಿಲ್ಲು.

ಇನ್ನೊಂದು ಖರ್ಚು ಸ್ವಭಾವದ್ದು. ಮರಿಗೆ 3 ರಿಂದ 14 ವಾರದ ನಡುವೆ ಮನುಷ್ಯರು, ಸದ್ದು, ಬೇರೆ ನಾಯಿಗಳು ಎಲ್ಲ ಪರಿಚಯವಾಗಬೇಕು. ಆ ಕಾಲ ಹೆದರಿಕೆಯಲ್ಲೇ ಕಳೆದಿದ್ದರೆ ದೊಡ್ಡದಾದ ಮೇಲೂ ಹೆದರಿಕೆ ಉಳಿಯಬಹುದು. ಆಗ ಒಳ್ಳೆಯ ತರಬೇತುದಾರರ ಸಹಾಯ ಬೇಕು, ಅದು ಪುಕ್ಕಟೆ ಸಿಗುವುದಿಲ್ಲ. ಆದರೆ ಈ ತೊಂದರೆ ದತ್ತು ನಾಯಿಗೆ ಮಾತ್ರ ಎಂದುಕೊಳ್ಳಬೇಡ. ಗೂಡಿನಲ್ಲಿ ಬೆಳೆದು ಮಾರಾಟಕ್ಕೆ ಬಂದ ಮರಿಗೂ ಇದೇ ಕಥೆ.

ನಿನ್ನ ಹಾಳೆಯಲ್ಲಿ ನಿನ್ನ ಸಮಯಕ್ಕೆ ಒಂದು ಸಾಲೂ ಇಲ್ಲ. ನೀನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. 2 ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ಹಿಡಿದುಕೊಳ್ಳಲಾರದು. ದಿನಕ್ಕೆ ಮೂರು ನಾಲ್ಕು ಸಲ ತಿನ್ನಿಸಬೇಕು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ತಿಂಗಳುಗಳಲ್ಲಿ ಚಪ್ಪಲಿ, ವೈರು, ಮೇಜಿನ ಕಾಲು ಯಾವುದನ್ನೂ ಬಿಡುವುದಿಲ್ಲ. ಹಗಲು ನೋಡಿಕೊಳ್ಳಲು ಯಾರನ್ನಾದರೂ ಇಡಬೇಕು, ಇಲ್ಲವೇ ನೀನೇ ರಜೆ ಹಾಕಬೇಕು. ಇದು ಎಲ್ಲಿಂದ ತಂದ ಮರಿಗಾದರೂ ಒಂದೇ. ಅದಕ್ಕೇ ನನಗೆ ಅನಿಸುವುದು, ನಿನಗೆ ಮರಿಯೇ ಬೇಡ. ಎರಡು ಮೂರು ವರ್ಷದ, ಬೆಳೆದ ನಾಯಿಯನ್ನು ದತ್ತು ತಗೋ. ಅದರ ಗಾತ್ರ ಎಷ್ಟು, ಗುಣ ಎಂಥದು, ಮಕ್ಕಳ ಹತ್ತಿರ ಹೇಗಿರುತ್ತದೆ, ಒಂಟಿಯಾಗಿ ಬಿಟ್ಟರೆ ಕೂಗುತ್ತದಾ ಎಲ್ಲ ಆಗಲೇ ಗೊತ್ತಿರುತ್ತದೆ. ಲಸಿಕೆಯ ದೊಡ್ಡ ಸರಣಿ ಮುಗಿದಿರುತ್ತದೆ. ಹಲ್ಲು ಮಸೆಯುವ ಕಾಲವೂ ದಾಟಿರುತ್ತದೆ. ಜನ ಮರಿಗಳನ್ನೇ ಮೊದಲು ಆರಿಸಿಕೊಂಡು ಹೋಗುವುದರಿಂದ ಬೆಳೆದ ನಾಯಿಗಳ ಶುಲ್ಕವನ್ನು ಹಲವು ಕೇಂದ್ರಗಳು ಕಡಿಮೆಯೇ ಇಡುತ್ತವೆ.

ಉಳಿದ ಖರ್ಚು ಎರಡು ಕಡೆಗೂ ಸಮ. ಆಹಾರ, ವರ್ಷದ ತಪಾಸಣೆ, ಚಿಗಟ ಮತ್ತು ಉಣ್ಣೆಯ ಔಷಧಿ, ಹಲ್ಲು ಸ್ವಚ್ಛ ಮಾಡಿಸುವುದು, ಊರಿಗೆ ಹೋದಾಗ ಬಿಟ್ಟುಹೋಗುವ ವ್ಯವಸ್ಥೆ. ಇಲ್ಲಿ ಲೆಕ್ಕ ಬದಲಿಸುವುದು ನಾಯಿಯ ಗಾತ್ರ. 30 ಕಿಲೋ ನಾಯಿಗೆ ಬೇಕಾಗುವ ಆಹಾರ 10 ಕಿಲೋ ನಾಯಿಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಔಷಧಿಯೂ, ಅರಿವಳಿಕೆಯೂ ತೂಕಕ್ಕೆ ತಕ್ಕಂತೆ ಏರುತ್ತವೆ. ಒಂದು ವರ್ಷದ ಈ ಖರ್ಚನ್ನು 12 ರಿಂದ ಗುಣಿಸಿ ನೋಡು. ನೀನು ಇಷ್ಟು ತಲೆಕೆಡಿಸಿಕೊಂಡ ಬೆಲೆಯ ಅಂತರ ಅದರ ಮುಂದೆ ಬಹಳ ಚಿಕ್ಕದು. ಆ ಮೊತ್ತ ನಿನ್ನ ಕೈಗೆ ಎಟಕುವುದಿಲ್ಲ ಅನಿಸಿದರೆ ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ದತ್ತುವಿನಿಂದ ಉಳಿದ ಹಣವನ್ನು ಮಾತ್ರ ಹಾಸಿಗೆ, ಬಟ್ಟೆ, ಆಟಿಕೆಗೆ ಸುರಿಯಬೇಡ. ಪೂರ್ತಿ ಬೇರೆ ಖಾತೆಯಲ್ಲಿ ಇಡು. ಮಧ್ಯರಾತ್ರಿ ಆಸ್ಪತ್ರೆಗೆ ಓಡಬೇಕಾದ ದಿನ ಅದೇ ಆಸರೆ. ವಿಮೆ ಸಿಗುವುದಾದರೆ ಬಂದ ಕೂಡಲೇ ಮಾಡಿಸು. ಯಾಕೆಂದರೆ ಆಗಲೇ ಇರುವ ಕಾಯಿಲೆಗೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಶನಿವಾರ ಕೇಂದ್ರದಲ್ಲಿರುವ ಆ ಕಂದು ನಾಯಿಯನ್ನು ಮತ್ತೆ ನೋಡಲು ಹೋಗುತ್ತೀಯಲ್ಲ, ಆಗ ಅದರ ಕಾಗದಗಳನ್ನು ಕೇಳು. ಯಾವ ಲಸಿಕೆ ಯಾವ ತಾರೀಕಿಗೆ ಆಯಿತು, ಸಂತಾನಹರಣ ಆಗಿದೆಯಾ ಅಥವಾ ನಾವೇ ಮಾಡಿಸಬೇಕಾ, ಯಾವ ಯಾವ ರಕ್ತಪರೀಕ್ಷೆ ಮಾಡಿಸಿದ್ದಾರೆ, ಈಗ ಏನಾದರೂ ಔಷಧಿ ನಡೆಯುತ್ತಿದೆಯಾ, ಮುಂಚೆ ಯಾರಾದರೂ ತಗೊಂಡು ಹೋಗಿ ವಾಪಸ್ ತಂದು ಬಿಟ್ಟಿದ್ದರಾ, ಬಿಟ್ಟಿದ್ದರೆ ಯಾಕೆ. ಕೆಲವು ದಿನ ಮನೆಯಲ್ಲಿ ಇಟ್ಟುಕೊಂಡು ನೋಡಲು ಕೊಡುತ್ತಾರಾ ಎಂದೂ ವಿಚಾರಿಸು. ಹೊಂದಿಕೆಯಾಗದಿದ್ದರೆ ವಾಪಸ್ ತಗೊಳ್ಳುತ್ತಾರಾ ಎಂದು ಕೇಳಲು ಸಂಕೋಚ ಬೇಡ, ಒಳ್ಳೆಯ ಕೇಂದ್ರದವರು ಆ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಮನೆಗೆ ಬಂದ ಮೇಲೂ ಆತುರ ಬೇಡ. ಹೆದರಿಕೆ ಇಳಿಯಲು 3 ದಿನ, ಮನೆಯ ದಿನಚರಿ ಹಿಡಿಯಲು 3 ವಾರ, ಇದು ನನ್ನ ಮನೆ ಅನಿಸಲು 3 ತಿಂಗಳು ಎಂದು ನಾಯಿಗಳ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ಮೊದಲ ವಾರದಲ್ಲೇ ನಿರ್ಧಾರಕ್ಕೆ ಬರಬೇಡ.

ಕಾಗದಗಳ ಫೋಟೋ ತೆಗೆದು ನನಗೂ ಕಳಿಸು. ಪಶುವೈದ್ಯರ ಹತ್ತಿರ ಹೋಗುವ ಮುಂಚೆ ಫೋನಿನಲ್ಲಿ ಇಬ್ಬರೂ ಸೇರಿ ಒಮ್ಮೆ ನೋಡೋಣ. ನಿನ್ನ ಲೆಕ್ಕದ ಹಾಳೆಯನ್ನೂ ಅಷ್ಟರಲ್ಲಿ ತಿದ್ದಿ ಇಟ್ಟಿರು.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ